ಹಂಚಿನ ಮೇಲೆ ಬಂದ ಕಿಚ್ಚು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಆ ವರ್ಷ ಅಂಜನಾಪುರದ ಕಾಲುವೆ ನೀರನ್ನು ಯಾರು ಮೊದಲು ಗದ್ದೆಗೆ ತಿರುಗಿಸಬೇಕೆಂದು ಅಪ್ಪನಿಗೂ ಅವನ ಅಣ್ಣನಿಗೂ ಜಗಳವಾಯಿತು. ಗದ್ದೆಗೆ ನೀರು ಬಂತು, ಪೈರು ಕೊಯ್ದೂ ಆಯಿತು, ಇಬ್ಬರ ಬಾಯಿಗೆ ಮಾತು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಅಕ್ಕನ ಮದುವೆ ಬಂತು. ಮದುವೆ ಅಡುಗೆಯ ಒಲೆಯನ್ನು ಹಿರಿಯಣ್ಣನ ಮನೆಯ ಕೆಂಡದಿಂದಲೇ ಹೊತ್ತಿಸುವುದು ನಮ್ಮ ಮನೆತನದ ಪದ್ಧತಿ. ಅಪ್ಪ ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡ. ಅರಿಸಿನ ಹಚ್ಚಿಕೊಂಡು ಕೂತಿದ್ದ ಅಕ್ಕ, "ದೊಡ್ಡಪ್ಪನ ಮನೆ ಕೆಂಡ ಬರೋ ತನಕ ನಾನು ಹಸೆಮಣೆ ಹತ್ತೋದಿಲ್ಲ ನೋಡಪ್ಪ" ಎಂದುಬಿಟ್ಟಳು.

ಆಗ ಅಪ್ಪನ ಅವ್ವ, ನನ್ನ ಅಜ್ಜಿ, ವೀಳ್ಯದೆಲೆ ಒರೆಸುತ್ತಲೇ ಹೇಳಿದಳು: "ಕಿಚ್ಚು ಅಂದ್ರೆ ಬೆಂಕಿ ಕಣಪ್ಪ. ಹಿಂದಿನೋರು ಸಿಟ್ಟಿಗೆ ಸುಮ್ನೆ ಆ ಹೆಸರು ಇಟ್ಟಿಲ್ಲ. ಮ್ಯಾಲೆ ಬೂದಿ ಮುಚ್ಚಿದ್ರೂ ಒಳಗೆ ಇರ್ತತಿ. ಹೊಟ್ಟೇಲಿ ಇಟ್ಕಂಡ್ರೆ ಇಟ್ಕಂಡೋನ್ನೇ ಸುಡ್ತತಿ, ಒಲೇಲಿ ಇಟ್ರೆ ಊರಿಗೆಲ್ಲ ಅನ್ನ ಬೇಯಿಸ್ತತಿ. ಎಲ್ಲಿ ಇಡ್ತೀಯೋ ನೀನೇ ನೋಡು."

ಅಪ್ಪ ಕಡ್ಡಿಪೆಟ್ಟಿಗೆ ಕೆಳಗಿಟ್ಟ. ಒಂದು ಹಂಚಿನ ತುಂಡು ಹಿಡಿದು ಹೊರಟ. ನಾನೂ ಬೆನ್ನಿಗೇ ಓಡಿದೆ. ದೊಡ್ಡಪ್ಪ ಒಲೆಯ ಮುಂದೆ ಕೂತಿದ್ದ. ಕಣ್ಣು ಕೆಂಪಗಾಗಿತ್ತು, ಹುಣಸೆ ಕಟ್ಟಿಗೆಯ ಹೊಗೆ ಅಂತೆ, ಅವನೇ ಹೇಳಿದ.

"ಬೆಳಿಗ್ಗಿಂದ ಕೆಂಡ ಆರದಂಗೆ ಕಾಯ್ಕಂಡು ಕುಂತೀನಿ. ಬರಾಕೆ ಇಷ್ಟೊತ್ತು ಬೇಕಿತ್ತೇನೋ?"

ಅಪ್ಪ ಹಂಚು ಚಾಚಿದ, ದೊಡ್ಡಪ್ಪ ಕೆಂಡ ಸುರಿದ. ಅಂಗಳಕ್ಕೆ ಬರುವಷ್ಟರಲ್ಲಿ ಹಂಚು ಕಾದು ಅಪ್ಪ ಕುಣಿಯತೊಡಗಿದ! ತಳಕ್ಕೆ ಬೂದಿ ಹರಡಿ ಮೇಲೆ ಕೆಂಡ ಹಾಕಬೇಕೆಂದು ನಮ್ಮೂರ ಕೂಸಿಗೂ ಗೊತ್ತು. ಆ ಗಡಿಬಿಡಿಯಲ್ಲಿ ಅಣ್ಣತಮ್ಮ ಇಬ್ಬರೂ ಮರೆತಿದ್ದರು.

"ಕೊಡೋ ಇಲ್ಲಿ, ಕೈ ಸುಟ್ಕಂತೀಯ!" ಎನ್ನುತ್ತ ದೊಡ್ಡಪ್ಪ ಹೆಗಲ ಟವೆಲ್ ಮಡಿಸಿ ಹಂಚು ಹಿಡಿದ. ಹಾಗೇ ನಮ್ಮ ಹೊಸ್ತಿಲು ದಾಟಿ ಬಂದು ತಾನೇ ಒಲೆ ಹೊತ್ತಿಸಿದ. ಅಕ್ಕ ಅಳುತ್ತ ನಗುತ್ತ ಹಸೆಮಣೆ ಹತ್ತಿದಳು. ಅವತ್ತಿನ ಪಾಯಸದಷ್ಟು ರುಚಿಯಾದ ಪಾಯಸ ನಾನು ಮತ್ತೆ ಉಂಡಿಲ್ಲ.

ನಿಮಗೇನು ಮಕ್ಕಳೇ, ಗ್ಯಾಸಿನ ಕಿವಿ ಹಿಂಡಿದರೆ ಬೆಂಕಿ. ಯಾರ ಬಾಗಿಲಿಗೂ ಹೋಗಬೇಕಿಲ್ಲ. ಸಿಟ್ಟು ಬಂದರೆ ಫೋನಿನಲ್ಲಿ ಬ್ಲಾಕ್. ನಿನ್ನೆಯಿಂದ ಅಣ್ಣ ತಂಗಿ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡು ಒಂದೇ ಸೋಫಾದ ಎರಡು ತುದಿಗೆ ಕೂತಿದ್ದೀರಿ. ಅದಕ್ಕೇ ಒಂದು ಚಾರ್ಜರ್ ನಾನು ಬಚ್ಚಿಟ್ಟಿದ್ದೇನೆ. ಇನ್ನೊಂದು ಅಣ್ಣನ ಹತ್ತಿರ ಇದೆ. ಹೋಗಿ ಕೇಳು ಪುಟ್ಟಿ. ಅವನು ಬೆಳಿಗ್ಗೆಯಿಂದ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಾನೆ.