ಗೆದ್ದದ್ದು ಗೊತ್ತಾಗದ ಪೆರೊಶೋನ್

ಅನ್ಸೆಲ್ಮ್ ಪೆರೊಶೋನ್ ಹನ್ನೊಂದು ವರ್ಷ ಮೋಟಾರ್‌ಸೈಕಲ್ ರೇಸುಗಳಲ್ಲಿ ಓಡಿಸಿದ. ಅಷ್ಟೂ ವರ್ಷ ಅವನು ಮುರಿದ ಗಾಡಿಗಳನ್ನು ಜೋಡಿಸಿದವನು ನಾನು. ಮೂಳೆ ಜೋಡಿಸುವವರು ಬೇರೆ ಇದ್ದರು.

ಫ್ರಾನ್ಸಿನ ನಮ್ಮ ಮೂಲಾಂ ಊರಿನಲ್ಲಿ ಅವನ ತಾಯಿ ಲಿಯೊಂತೀನಳದು ಹಂದಿಮಾಂಸದ ಅಂಗಡಿ. ಆಕೆಯ ಎದುರು ಪಾದ್ರಿಯೂ ದನಿ ತಗ್ಗಿಸುತ್ತಿದ್ದ. ಮಗನ ಕೈಗೆ ಕತ್ತಿ ಕೊಟ್ಟರೆ ಬೆರಳನ್ನೇ ಕೊಯ್ದುಕೊಳ್ಳುತ್ತಾನೆಂದು ಮೋಟಾರ್‌ಸೈಕಲ್ ಕೊಟ್ಟು ಮನೆಮನೆಗೆ ಮಾಂಸ ಮುಟ್ಟಿಸಲು ಕಳಿಸಿದಳು. ಗಿರಾಕಿ ಫೋನ್ ಇಡುವುದರೊಳಗೆ ಅರ್ಧ ಸಾಸೇಜು ಬಾಗಿಲಲ್ಲಿರುತ್ತಿತ್ತು, ಇನ್ನರ್ಧ ರಸ್ತೆಯಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ರೇಸಿಗೆ ಇಳಿದ.

ಅವನಿಗೆ ವೇಗದ ಕೊರತೆ ಇರಲಿಲ್ಲ, ಇದ್ದದ್ದು ನೆಮ್ಮದಿಯ ಕೊರತೆ. ಮೂರನೆಯವನಾಗಿದ್ದೀಯೆ ಎಂದು ನಾನು ರಸ್ತೆಬದಿಯಲ್ಲಿ ನಿಂತು ಹಲಗೆಯ ಮೇಲೆ ಬರೆದು ತೋರಿಸಿದರೆ, ಅದನ್ನು ಉಳಿಸಿಕೊಳ್ಳುವ ಚಿಂತೆಯಲ್ಲಿ ಮುಂದಿನ ಸುತ್ತಿನಲ್ಲೇ ಹುಲ್ಲಿನ ಮೇಲೆ ಮಲಗಿರುತ್ತಿದ್ದ.

ಎಪ್ಪತ್ತೆಂಟರ ಬೇಸಿಗೆ. ಬೆಲ್ಜಿಯಂನ ಗುಡ್ಡಗಾಡು ರಸ್ತೆಯಲ್ಲಿ ರೇಸು, ಮೇಲಿಂದ ಕುಂಭದ್ರೋಣ ಮಳೆ. ಮೊದಲ ಸುತ್ತಿನಲ್ಲೇ ಅವನು ರಸ್ತೆಯಂಚಿಗೆ ಇಟ್ಟಿದ್ದ ಹುಲ್ಲಿನ ಕಟ್ಟುಗಳಿಗೆ ಗುದ್ದಿ ಬಿದ್ದ, ಎದ್ದು ಎಲ್ಲರಿಗಿಂತ ಹಿಂದೆ ಹೊರಟ. ಆಮೇಲೆ ಒಬ್ಬೊಬ್ಬರಾಗಿ ಒಂಬತ್ತು ಜನ ಬಿದ್ದರು. ಇನ್ನು ಕೆಲವರ ಎಂಜಿನ್‌ಗೆ ನೀರು ಹೊಕ್ಕಿತು. ಉಳಿದವರು ಹೆಣದ ಹಿಂದೆ ಹೋಗುವವರಂತೆ ಹೋಗುತ್ತಿದ್ದರು. ನಾನು ಹಲಗೆಯ ಮೇಲೆ ಬರೆದದ್ದನ್ನೆಲ್ಲ ಮಳೆ ತೊಳೆದುಬಿಡುತ್ತಿತ್ತು. ಹೇಗಿದ್ದರೂ ಕೊನೆಯವನು, ಕಳೆದುಕೊಳ್ಳುವುದಾದರೂ ಏನೆಂದುಕೊಂಡು ಅವನು, ದಾಟಿದವರೆಷ್ಟು ಜನವೆಂದೂ ಎಣಿಸದೆ, ಹುಚ್ಚು ಹಿಡಿದವನಂತೆ ಓಡಿಸಿದ. ಬಾವುಟ ದಾಟಿದವನೇ ನೇರ ನಮ್ಮ ವ್ಯಾನಿನ ಬಳಿ ಬಂದು ಗಾಡಿ ಹತ್ತಿಸತೊಡಗಿದ.

"ಬೇಗ ನಡಿ, ಯಾರಿಗೂ ಮುಖ ತೋರಿಸೋದು ಬೇಡ," ಎಂದ.

"ಲೋ, ಗೆದ್ದಿದೀಯ ಕಣೋ."

"ಹೋಗೋ, ನಿಮ್ಮಜ್ಜಿಗೆ ಹೇಳು."

ಸಂಘಟಕರು ಬಂದು ಕತ್ತಿನಪಟ್ಟಿ ಹಿಡಿದು ಎಳೆದೊಯ್ದರು. ನಮ್ಮ ರಾಷ್ಟ್ರಗೀತೆ ನುಡಿಸುವಾಗಲೂ ಗೆದ್ದ ಫ್ರಾನ್ಸಿನವನು ಯಾರೆಂದು ಅವನು ಅಕ್ಕಪಕ್ಕ ನೋಡುತ್ತಿದ್ದ. ಕೊರಳಿಗೆ ಮಾಲೆ ಬಿದ್ದಮೇಲೆ ಅರ್ಥವಾಯಿತು. ಮುಖದ ಮೇಲೆ ಇಳಿದದ್ದೆಲ್ಲ ಮಳೆನೀರೆಂದರೆ ಸುಳ್ಳಾದೀತು.

ಅಂಗಡಿಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದೆ.

"ಅಮ್ಮಾ, ಗೆದ್ದೆ."

"ಎಷ್ಟು ಜನ ಬಿದ್ರು?"

"ಒಂಬತ್ತು."

"ಮತ್ತೆ ನೀನ್ಯಾಕೋ ಬೀಳ್ಲಿಲ್ಲ?"

"ನಾನು ಮೊದಲೇ ಬಿದ್ದಿದ್ದೆ."

"ಹಾಗೆ ಹೇಳು," ಎಂದು ಆಕೆ ಫೋನ್ ಇಟ್ಟಳು. ಮರುದಿನ ಆ ಸುದ್ದಿ ಬಂದ ಪತ್ರಿಕೆಯ ಇಪ್ಪತ್ತು ಪ್ರತಿ ಕೊಂಡಳಂತೆ. ಕೇಳಿದವರಿಗೆ ಮಾಂಸ ಕಟ್ಟಲಿಕ್ಕೆ ಎಂದಳು. ಆದರೆ ಒಂದರಲ್ಲೂ ಮಾಂಸ ಕಟ್ಟಿದ್ದನ್ನು ಯಾರೂ ಕಾಣಲಿಲ್ಲ.

ಮುಂದಿನ ವರ್ಷ ಒಂದು ದೊಡ್ಡ ತಂಡ ಅವನನ್ನು ಕರೆಯಿತು, ಗಾಡಿ ಜೋಡಿಸಲು ನಾನೂ ಜೊತೆಗೆ ಹೋದೆ. ಅವರ ಹಲಗೆಯ ಅಂಕಿಗಳು ಯಾವ ಮಳೆಗೂ ಅಳಿಯುವಂಥವಲ್ಲ. ಎರಡು ವರ್ಷಗಳಲ್ಲಿ ಹದಿನೇಳು ಸಲ ಬಿದ್ದ. ಹಲಗೆ ತೋರಿಸಬೇಡಿ ಎಂದು ಬೇಡಿಕೊಂಡ. ತೋರಿಸದಿದ್ದರೆ ಮುಂದಿದ್ದವರನ್ನು ತಾನೇ ಎಣಿಸಿಕೊಂಡು ಬಿದ್ದ. ಮೂವತ್ತಕ್ಕೆ ಎರಡೂ ಹೆಗಲಿನ ಎಲುಬು ಮುರಿದು ಆಸ್ಪತ್ರೆ ಸೇರಿದಾಗ ಲಿಯೊಂತೀನ್ ಸೂಪು ಕುಡಿಸುತ್ತ, "ಸಾಕು ಕಣೋ. ಬೀಳೋದಕ್ಕೆ ನಮ್ಮನೆ ಮೆಟ್ಟಿಲೇ ಸಾಲದಾ," ಎಂದಳು. ಆ ಮಾತಿನಿಂದ ಎದೆಯ ಮೇಲಿನ ಕಲ್ಲು ಇಳಿದಂತಾಯಿತೆಂದು ಅವನೇ ನನಗೆ ಹೇಳಿದ.

ಈಗ ಊರಿನಲ್ಲೇ ಕಾರು ಕಲಿಸುವ ಶಾಲೆ ನಡೆಸುತ್ತಾನೆ. ಕಲಿಯುವವರು ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದರೆ ಸೀಟು ಹಿಡಿದುಕೊಂಡು ಸಂತರ ಹೆಸರು ಜಪಿಸುತ್ತಾನೆ. ಅವನ ಬಳಿ ಕಲಿತು ಲೈಸೆನ್ಸ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾದ ಗಿಲೇನ್ ಎಂಬವಳನ್ನು ಮದುವೆಯಾದ. ಭಾನುವಾರ ಸಂತೆಗೆ ಕಾರು ಓಡಿಸುವವಳು ಅವಳೇ.