ಹಾಸ್ಟೆಲ್ಲಿಗೆ ಬೇಡವೆಂದ ಸಾಲ

ಸನ್ಮಾನದಲ್ಲಿ ಹೊದಿಸುವ ಶಾಲಿಗೆ ಒಂದು ವಿಚಿತ್ರ ಗುಣವಿದೆ. ಅದು ಚಳಿಗೂ ಒದಗದು, ಸೆಕೆಗೂ ಒಗ್ಗದು. ಯಾರಿಗಾದರೂ ದಾಟಿಸೋಣವೆಂದರೆ ಅವರ ಕಪಾಟಿನಲ್ಲಿಯೂ ಅಂಥವೇ ನಾಲ್ಕು ಮಡಿಸಿಟ್ಟಿರುತ್ತವೆ. ನನ್ನಲ್ಲಿ ಹದಿನೇಳು ಇವೆ. ಸಾಹಿತ್ಯಕ್ಕೋ ಸಂಗೀತಕ್ಕೋ ಬಂದವಲ್ಲ, ಸಾಲದ ಕುರಿತು ಮಾತನಾಡಿ ಸಂಪಾದಿಸಿದವು. ಸಾಲದಿಂದ ಶಾಲು ಗಳಿಸಿದವನು ಕೊಪ್ಪ ತಾಲೂಕಿನಲ್ಲಿ ಬಹುಶಃ ನಾನೊಬ್ಬನೇ.

ಜಯಪುರ, ಶೃಂಗೇರಿ, ನರಸಿಂಹರಾಜಪುರ ಎಂದು ಇದೇ ಸುತ್ತಿನ ಬ್ಯಾಂಕ್ ಶಾಖೆಗಳಲ್ಲಿ ಕುರ್ಚಿ ಸವೆಸಿ, ಕೊಪ್ಪದಲ್ಲಿ ಮ್ಯಾನೇಜರನಾಗಿ ನಿವೃತ್ತನಾದವನು ನಾನು. ನಿವೃತ್ತನಿಗೆ ಮಾತು ಹೆಚ್ಚು, ಕೇಳುವವರು ಕಡಿಮೆ. ಈ ಅಸಮತೋಲನವನ್ನು ಸರಿಪಡಿಸಲೆಂಬಂತೆ ಸುತ್ತಲಿನ ಕಾಲೇಜುಗಳು ಪ್ರತಿವರ್ಷ ನನ್ನನ್ನು ಕರೆದು 'ಶಿಕ್ಷಣ ಸಾಲದ ಜವಾಬ್ದಾರಿಯುತ ಬಳಕೆ' ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿಸುತ್ತವೆ. ಕೋರ್ಸಿಗೆ ಮಾನ್ಯತೆ ಇದೆಯೇ ನೋಡಿ, ಓದುತ್ತಿರುವಾಗಲೇ ಕೈಲಾದಷ್ಟು ಬಡ್ಡಿ ಕಟ್ಟಿ, ಸಾಲದ ದುಡ್ಡಿನಲ್ಲಿ ಮೊಬೈಲು ಕೊಳ್ಳಬೇಡಿ ಎಂದೆಲ್ಲ ಹೇಳಿ, ಕೊನೆಗೊಂದು ವಾಕ್ಯವನ್ನು ಧ್ವನಿ ತಗ್ಗಿಸಿ ಉಚ್ಚರಿಸುತ್ತಿದ್ದೆ: "ಬ್ಯಾಂಕು ಕೊಡುವಷ್ಟು ತಗೊಳ್ಳಬೇಡಿ, ಅನಿವಾರ್ಯ ಅನ್ನುವಷ್ಟು ಮಾತ್ರ ತಗೊಳ್ಳಿ." ಚಪ್ಪಾಳೆ ಬೀಳುತ್ತಿದ್ದುದು ಅಲ್ಲಿಯೇ. ಆ ಚಪ್ಪಾಳೆಯ ಸದ್ದಿನಲ್ಲಿ ನನ್ನ ಮಾತು ಸರಿಯೋ ತಪ್ಪೋ ಎಂದು ನನಗೇ ಕೇಳಿಸುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಶೃಂಗೇರಿಯಲ್ಲಿ ಇಂಥದೇ ಭಾಷಣ ಮುಗಿಸಿ ಇಳಿದಾಗ ಅಶ್ವಿನಿ ಎಂಬ ಹುಡುಗಿ ಬಂದು ನನ್ನ ವಿಳಾಸ ಕೇಳಿದಳು. ಹತ್ತಿರದ ಬೇಗಾರಿನವಳು, ಅಪ್ಪ ತೋಟದ ಕೂಲಿ, ತಾಯಿ ಜಲಜ ಶೃಂಗೇರಿಯ ವಸತಿಗೃಹವೊಂದರಲ್ಲಿ ಯಾತ್ರಿಕರ ಹಾಸಿಗೆಬಟ್ಟೆ ಒಗೆಯುವವಳು. ಮುಂದಿನ ಭಾನುವಾರ ತಾಯಿ ಮಗಳಿಬ್ಬರೂ ಕೊಪ್ಪದ ನಮ್ಮ ಮನೆಗೆ ಬಂದರು. ಶಿವಮೊಗ್ಗದ ಖಾಸಗಿ ಕಾಲೇಜೊಂದರಲ್ಲಿ ಲ್ಯಾಬ್ ಟೆಕ್ನಾಲಜಿ ಡಿಗ್ರಿಗೆ ಸೀಟು ಸಿಕ್ಕಿತ್ತು. ರಕ್ತ, ಮೂತ್ರ ಪರೀಕ್ಷಿಸಿ ರಿಪೋರ್ಟು ಕೊಡುವ ವಿದ್ಯೆ. ಮಾನ್ಯತೆಯೂ ಇತ್ತು, ಕೆಲಸಕ್ಕೂ ಮೋಸವಿರಲಿಲ್ಲ. ಕಾಲೇಜು ಕೊಟ್ಟ ಅಂದಾಜು ಪಟ್ಟಿಯಲ್ಲಿ ಫೀಸಿನ ಕೆಳಗೆ ಹಾಸ್ಟೆಲ್ ಖರ್ಚು ಅಂತಿತ್ತು. ನಾನು ಪೆನ್ಸಿಲು ತೆಗೆದುಕೊಂಡೆ.

"ಹಾಸ್ಟೆಲ್ ಬೇಕೇ ಬೇಕಾ? ಆ ಕಡೆ ನೆಂಟರು ಯಾರೂ ಇಲ್ವಾ?"

"ನಮ್ಮ ಚಿಕ್ಕಮ್ಮ ಎನ್.ಆರ್. ಪುರದಲ್ಲಿ ಇದ್ದಾರೆ ಸರ್," ಎಂದಳು ಜಲಜ. "ನಮ್ಗೆ ಎಂತ ಗೊತ್ತಾಗ್ತದೆ, ನೀವು ಹೇಳಿದ ಹಾಗೆ."

"ಬೆಳಿಗ್ಗೆ ಬೇಗ ಹೋಗ್ಬೇಕಾಗಿ ಬಂದ್ರೆ ಸರ್?" ಎಂದು ಅಶ್ವಿನಿ ಕೇಳಿದಳು.

"ಅಲ್ಲಿಂದ ಶಿವಮೊಗ್ಗಕ್ಕೆ ಮೊದಲನೇ ಬಸ್ಸು ಇದ್ದೇ ಇದೆಯಲ್ಲ ಮಾರಾಯ್ತಿ," ಎಂದು ಹಾಸ್ಟೆಲ್ಲಿನ ಸಾಲನ್ನು ಹೊಡೆದುಹಾಕಿದೆ. ಆ ಮೊದಲನೇ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆಂದು ನನಗೆ ತಿಳಿದಿರಲಿಲ್ಲ. ಸಾಲ ಅರ್ಧಕ್ಕಿಳಿಯಿತು. ಮೂವರಿಗೂ ಸಂತೋಷವಾಯಿತು, ಅದರಲ್ಲಿ ಹೆಚ್ಚಿನ ಪಾಲು ನನ್ನದು.

ಮೊದಲ ವರ್ಷ ತರಗತಿ ಶುರುವಾಗುತ್ತಿದ್ದುದು ಒಂಬತ್ತೂವರೆಗೆ. ಹುಡುಗಿ ನರಸಿಂಹರಾಜಪುರದ ಆ ಮನೆಯಿಂದ ಓಡಾಡುತ್ತ, ಬಸ್ಸಿನಲ್ಲಿಯೇ ಓದಿಕೊಂಡು ಎಲ್ಲದರಲ್ಲೂ ಪಾಸಾದಳು. ನಾನು ಆ ವರ್ಷದ ಭಾಷಣಗಳಲ್ಲಿ ಅವಳನ್ನು ಹೆಸರು ಹೇಳದೆ ಉದಾಹರಿಸಿದೆ. ಎರಡನೆಯ ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಬಂತು. ರಕ್ತ ತೆಗೆಯುವುದು ಬೆಳಗಿನ ಖಾಲಿ ಹೊಟ್ಟೆಯಲ್ಲಿ, ಆದ್ದರಿಂದ ಏಳೂವರೆಗೆ ಹಾಜರಿ. ನಾನು ಭರವಸೆಯಿಟ್ಟ ಮೊದಲನೇ ಬಸ್ಸು ಶಿವಮೊಗ್ಗ ಮುಟ್ಟುತ್ತಿದ್ದುದು ಎಂಟು ದಾಟಿದ ಮೇಲೆ. ಅವಳು ಓಡಿ ಲ್ಯಾಬಿಗೆ ತಲುಪುವಷ್ಟರಲ್ಲಿ ರೋಗಿಗಳು ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬರುತ್ತಿರುತ್ತಿದ್ದರು. ಹಾಜರಿ ಪುಸ್ತಕ ಮುಚ್ಚಿರುತ್ತಿತ್ತು. ವರ್ಷದ ಕೊನೆಗೆ ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲ. ಸಾಲ ಸಾಲದು ಎಂಬ ಶ್ಲೇಷೆಯನ್ನು ನಾನು ಎಷ್ಟೋ ವೇದಿಕೆಗಳಲ್ಲಿ ನಗೆಗಾಗಿ ಬಳಸಿದ್ದುಂಟು. ಅದು ಹೀಗೆ ಒಬ್ಬಳ ಮೇಲೆ ಬಂದು ಬೀಳಬಹುದೆಂದು ಎಣಿಸಿರಲಿಲ್ಲ.

ಸುದ್ದಿ ತಿಳಿದು ಅಶ್ವಿನಿಗೆ ಫೋನು ಮಾಡಿದೆ. "ಹಾಸ್ಟೆಲ್ಲಿಗೆ ಅಂತ ಮತ್ತೆ ಸಾಲ ಕೇಳ್ಬಹುದಿತ್ತಲ್ಲ, ಯಾಕೆ ಕೇಳ್ಲಿಲ್ಲ?"

"ಜಾಸ್ತಿ ಬೇಡ ಅಂತ ನೀವೇ ಹೇಳಿದ್ರಲ್ಲ ಸರ್," ಎಂದಳು. ಆಕ್ಷೇಪದ ಎಳೆಯೂ ಆ ದನಿಯಲ್ಲಿರಲಿಲ್ಲ. ಪಾಠ ಒಪ್ಪಿಸುವ ವಿದ್ಯಾರ್ಥಿನಿಯ ದನಿ ಅದು.

ಶಿವಮೊಗ್ಗಕ್ಕೆ ಹೋದೆ. ಪ್ರಾಂಶುಪಾಲರು ಕುಡಿಯಲು ನೀರು ಕೊಟ್ಟು, ನಿಯಮ ತೋರಿಸಿ, ಆ ವರ್ಷವನ್ನು ಮತ್ತೆ ಓದಬೇಕು, ಫೀಸನ್ನೂ ಮತ್ತೆ ಕಟ್ಟಬೇಕು ಎಂದರು. ಬ್ಯಾಂಕಿಗೆ ಹೋದೆ. ನಾನು ಕೂರುತ್ತಿದ್ದ ಕುರ್ಚಿಯಲ್ಲಿದ್ದ ತರುಣ ಮ್ಯಾನೇಜರ್ ಎದ್ದು ನಿಂತು ಗೌರವ ತೋರಿಸಿ, ಪಾಸಾಗದೆ ಮುಂದಿನ ಕಂತು ಬಿಡುಗಡೆಯಾಗದು ಎಂದು ವಿನಯದಿಂದ ಹೇಳಿದ. ಅವನನ್ನು ಬೈಯಲು ನನ್ನಲ್ಲಿ ಪದಗಳಿರಲಿಲ್ಲ, ಏಕೆಂದರೆ ಅದೇ ಕುರ್ಚಿಯಿಂದ ಅದೇ ಪದಗಳನ್ನು ಅದೇ ವಿನಯದಿಂದ ನಾನೂ ಎಷ್ಟೋ ತಂದೆತಾಯಿಯರಿಗೆ ಹೇಳಿ ಕಳಿಸಿದ್ದೆ. ನನ್ನ ಪಿಂಚಣಿಯಿಂದ ಆ ವರ್ಷದ ಫೀಸು ಕಟ್ಟುತ್ತೇನೆಂದು ಬೇಗಾರಿಗೆ ಹೋಗಿ ಹೇಳಿದೆ. ಜಲಜ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಬೇಡ ಸರ್. ಒಂದು ಋಣ ತೀರ್ಲಿ ಮೊದ್ಲು," ಎಂದಳು. ಓದು ನಿಂತಿತು. ಓದು ನಿಂತರೆ ಮರುಪಾವತಿ ಬೇಗ ಶುರುವಾಗುತ್ತದೆ. ಇದನ್ನೂ ನಾನು ಭಾಷಣದಲ್ಲಿ ಹೇಳುತ್ತಿದ್ದೆ.

ಆಮೇಲೆ ಬಹಳ ದಿನ ಯೋಚಿಸಿದೆ. ನಾನು ಓದಿದ್ದು ಶಿವಮೊಗ್ಗದಲ್ಲಿ ಸೋದರಮಾವನ ಮನೆಯಿಂದ. ಕಾಲೇಜಿಗೆ ಹತ್ತು ನಿಮಿಷದ ನಡಿಗೆ, ಬೆಳಿಗ್ಗೆ ಅತ್ತೆಯ ಕೈಯ ಬಿಸಿ ದೋಸೆ. ಒಂದು ಪೈಸೆ ಸಾಲ ಮಾಡದೆ ಓದಿದೆನೆಂದು ಜೀವಮಾನವಿಡೀ ಹೆಮ್ಮೆಪಟ್ಟವನಿಗೆ ಆ ಹತ್ತು ನಿಮಿಷದ ಬೆಲೆ ಹೊಳೆದಿರಲೇ ಇಲ್ಲ. ಮಿತವ್ಯಯವೆಂದು ನಾನು ಬೋಧಿಸಿದ್ದು ಬೇರೆಯವರ ನಿದ್ದೆಯನ್ನು, ಊಟವನ್ನು, ಬೆಳಗುಗಳನ್ನು ಖರ್ಚು ಮಾಡಿಸುವ ಉಪಾಯ.

ಕಳೆದ ವರ್ಷ ನರಸಿಂಹರಾಜಪುರದ ಕಾಲೇಜಿನಿಂದ ಕರೆ ಬಂದಾಗ, ಈ ಸಲ ನಿಜ ಹೇಳಿಬಿಡಬೇಕೆಂದು ನಿಶ್ಚಯಿಸಿಯೇ ಹೋದೆ. ಎದ್ದು ನಿಂತೆ. ಎದುರಿಗೆ ಹೆಚ್ಚಿನವರು ಅಶ್ವಿನಿಯಂಥವರೇ. ಹೆಚ್ಚು ಸಾಲ ಮಾಡಿ ಎನ್ನಲೇ? ಅದನ್ನು ತೀರಿಸಲಾಗದವರು ನಾಳೆ ನನ್ನ ಬಾಗಿಲಿಗೆ ಬಂದರೆ? ಮಾಡಬೇಡಿ ಎನ್ನಲೇ? ನಾಲಗೆ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು. ಕೊನೆಯ ವಾಕ್ಯವನ್ನು ಎಂದಿನಂತೆ ಧ್ವನಿ ತಗ್ಗಿಸಿ ಹೇಳಿದೆ. ಎಂದಿಗಿಂತ ಹೆಚ್ಚು ಚಪ್ಪಾಳೆ ಬಿತ್ತು. ಮತ್ತೆಲ್ಲಿಗೂ ಹೋಗಿಲ್ಲ.

ಅಶ್ವಿನಿ ಈಗ ಕೊಪ್ಪದ ಸೂಪರ್ ಮಾರ್ಕೆಟ್ಟಿನಲ್ಲಿ ಬೇಳೆಕಾಳು ತೂಗಿ ಪೊಟ್ಟಣ ಕಟ್ಟುತ್ತಾಳೆ. ಒಂದು ಕಂತನ್ನೂ ತಪ್ಪಿಸಿಲ್ಲ ಎಂದು ಆ ತರುಣ ಮ್ಯಾನೇಜರ್ ಒಮ್ಮೆ ಮೆಚ್ಚಿಗೆಯಿಂದ ಹೇಳಿದ. ಜವಾಬ್ದಾರಿಯ ಸಾಲಗಾರ್ತಿಯೆಂದರೆ ಅವಳೇ. ನಾನು ಆ ಅಂಗಡಿಯ ಮುಂದೆ ಹಾಯದೆ ಸುತ್ತುದಾರಿಯಲ್ಲಿ ಹೋಗುತ್ತಿದ್ದೆ. ಮೊನ್ನೆ ಮಾತ್ರ ತಪ್ಪಿಸಿಕೊಳ್ಳಲಾಗದೆ ತೊಗರಿಬೇಳೆ ಕೇಳಿದೆ.

"ಸರ್, ಒಂದು ಕೇಳ್ಲಾ?" ಎಂದಳು. "ತಂಗಿ ಪಿಯುಸಿ ಪಾಸಾದ್ಲು, ಒಳ್ಳೆ ಮಾರ್ಕ್ಸ್ ಇದೆ. ಸಾಲ ಮಾಡಿ ಓದಿಸ್ಬಹುದಾ?"

ಈ ಸಲ ಮಾತು ತಾನಾಗಿ ಬಂತು. "ಓದಿಸು. ಹಾಸ್ಟೆಲ್ಲಿಗೆ, ಊಟಕ್ಕೆ, ಪುಸ್ತಕಕ್ಕೆ, ಎಲ್ಲದಕ್ಕೂ ಸೇರಿಸಿ ಕೇಳು. ಯಾರು ಏನು ಹೇಳಿದ್ರೂ ಕಡಿಮೆ ಮಾಡ್ಬೇಡ. ಬ್ಯಾಂಕಿಗೆ ನಾನೇ ಬರ್ತೇನೆ."

ಅವಳು ಪೊಟ್ಟಣಕ್ಕೆ ಚೀಟಿ ಅಂಟಿಸಿದಳು. "ನಾನೂ ಅದೇ ಹೇಳ್ದೆ ಸರ್. ಅವಳು ಒಪ್ಪೋದಿಲ್ಲ. ನನ್ನನ್ನು ನೋಡಿದ್ದಾಳಲ್ಲ. ಸೋಮವಾರದಿಂದ ಇಲ್ಲೇ ಬಿಲ್ಲಿಂಗಿಗೆ ಬರ್ತಾಳೆ."

ನಾನು ಕೈಚೀಲದ ಬಾಯಿ ಬಿಡಿಸಿ ಹಿಡಿದೆ.

"ಎರಡು ಕೆಜಿ ಕೊಡ್ಲಾ ಸರ್, ಒಂದೇ ಸಾಕಾ?" ಎಂದು ಕೇಳಿದಳು.

ಸಾಕು ಎಂದೆ.