ಡ್ರೆಸ್ ಸಿದ್ದರಾಜು ಕಟ್ಟಿದ ಕೊನೆಯ ಪಡೆ

ಸಿದ್ದರಾಜು ಹೊಸಬರ ಮುಖವನ್ನು ಮೊದಲು ನೋಡುತ್ತಿರಲಿಲ್ಲ. ಭುಜವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ಪೌರಾಣಿಕ ನಾಟಕಗಳ ಹಳೆಯ ಕರಪತ್ರಗಳ ಕಾಲನಿರ್ಣಯಕ್ಕೆಂದು ನಾನು ನಂಜನಗೂಡಿನ ಅವರ ಮನೆಗೆ ಹೋದ ಮೊದಲ ದಿನವೇ ತೀರ್ಪು ಬಂದಿತ್ತು: “ನಿಮ್ಗೆ ಮಂತ್ರಿ ಶಲ್ಯ ಒಪ್ತದೆ ಸಾ. ರಾಜನ ಎದೆಕವಚ ಆಕುದ್ರೆ ಮಗುಚ್ಕೊಂಡ್ಬುಡ್ತೀರ.”

ಅಲ್ಲಿಂದ ತಿ. ನರಸೀಪುರದವರೆಗಿನ ಹಳ್ಳಿಗಳಲ್ಲಿ ನಾಟಕವಾಡುವ ರೈತರಿಗೆಲ್ಲ ಕಿರೀಟ, ಭುಜಕೀರ್ತಿ, ಗದೆಗಳನ್ನು ಬಾಡಿಗೆಗೆ ಕೊಟ್ಟು, ತಾವೇ ತೊಡಿಸುತ್ತಿದ್ದವರು ಅವರು. ವೇಷ ಪಾತ್ರಕ್ಕೆ ಸೇರಿದ್ದು, ಮನುಷ್ಯನಿಗಲ್ಲ ಎಂಬುದು ಅವರ ವ್ರತ. ಸೋಮನಾಥಪುರದ ಕಡೆಯ ಊರೊಂದರಲ್ಲಿ ದ್ವಾರಪಾಲಕನ ಪಾತ್ರ ವಹಿಸಿದ್ದ ಯಜಮಾನರೊಬ್ಬರು ರಾಜನ ಕಿರೀಟಕ್ಕೆ ಕೈಯಿಟ್ಟಾಗ, “ಊರ್ಗೆ ನೀವೇ ಗೌಡ್ರು. ಪರದೆ ಒಳೀಕೆ ಬಂದ್ಮೇಲೆ ಬಾಗ್ಲು ಕಾಯೋರು. ಇಡ್ಕಳಿ ಈಟಿಯ” ಎಂದರಂತೆ. ಈ ಪ್ರಸಂಗದ ವರ್ಷವನ್ನು ಅವರು ಎರಡು ಬಾರಿ ಎರಡು ಬಗೆಯಾಗಿ ಹೇಳಿದರು. ಕರಪತ್ರ ಮೂರನೆಯದನ್ನು ಹೇಳುತ್ತಿತ್ತು. ಆದುದರಿಂದ ಇಲ್ಲಿ ಅದನ್ನು ನಮೂದಿಸಿಲ್ಲ.

ವಯಸ್ಸಾಗಿ ವೇಷದ ಪೆಟ್ಟಿಗೆಗಳನ್ನು ಹೊರಲಾಗದೆ ಕಸುಬು ಬಿಟ್ಟ ಮೇಲೆ, ಮಗಳು ಕೊಟ್ಟ ಲ್ಯಾಪ್‌ಟಾಪಿನಲ್ಲಿದ್ದ ಒಂದು ವಿಡಿಯೋ ಗೇಮ್ ಅವರಿಗೆ ಅಂಟಿಕೊಂಡಿತು. ಬೆಳಕಿಲ್ಲದ, ಶಾಪ ತಗುಲಿದ ರಾಜ್ಯ. ಎದುರಿಗೆ ಎಲುಬುಗಳ ಸೈನ್ಯ. ನಮ್ಮ ಕಡೆ ನಾಲ್ವರು: ರಾಜ, ವೈದ್ಯೆ, ಮತ್ತಿಬ್ಬರು. ಆ ನಾಲ್ವರ ಹೆಸರು, ಕವಚ, ಆಯುಧಗಳನ್ನು ಆಡುವವರೇ ಆರಿಸಬೇಕು. ಚದುರಂಗದಂತೆ ಸರದಿಯ ಮೇಲೆ ಕಾಳಗ. ಸತ್ತವರು ಮರಳುವುದಿಲ್ಲ, ಎಲ್ಲರೂ ಸತ್ತರೆ ಹೊಸ ಪಡೆ ಕಟ್ಟಿಕೊಂಡು, ಬದಲಾದ ದಾರಿಯಲ್ಲಿ, ಮೊದಲಿನಿಂದ ಹೊರಡಬೇಕು. ಈ ನಿಯಮ ಅವರನ್ನು ಕಲಕಿತ್ತು.

“ನಮ್ ನಾಟ್ಕದಲ್ಲಿ ಸತ್ತ ರಾಜ ಪರದೆ ಇಂದ್ಕೋಗಿ ಟೀ ಕುಡೀತಿದ್ದ ಸಾ. ಇಲ್ಲಿ ಸತ್ತೋನು ಸತ್ತಂಗೇಯ.”

ಆದರೂ ಅಲ್ಲಿಯೂ ರಂಗದ ಕ್ರಮವನ್ನೇ ಪಾಲಿಸಿದರು. ಅತಿ ಗಟ್ಟಿಯಾದ ಕವಚ ರಾಜನಿಗೇ. ಗಾಯ ಮಾಯಿಸುವ ವೈದ್ಯೆಗೆ ಬರಿಯ ಹತ್ತಿಬಟ್ಟೆ. ವೈದ್ಯೆ ಮೊದಲು ಬೀಳುತ್ತಿದ್ದಳು. ಆರೈಕೆಯಿಲ್ಲದೆ ಉಳಿದವರು ಅವಳ ಹಿಂದೆಯೇ. ಎಷ್ಟೋ ಪಡೆಗಳು ಅಳಿದವು, ವ್ರತ ಅಳಿಯಲಿಲ್ಲ.

ಆ ವೇಳೆಗೆ ಅವರ ಪತ್ನಿ ಚಿಕ್ಕತಾಯಮ್ಮನವರ ಮೂತ್ರಪಿಂಡಗಳು ಸೋತಿದ್ದವು. ಡಯಾಲಿಸಿಸ್ ಮುಗಿಸಿ ಬಂದು, ಗಂಡನ ಪಕ್ಕದಲ್ಲಿ ಒರಗಿ ಆಟ ನೋಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಹೋದಾಗ ವೈದ್ಯೆಗೆ ಅವರ ಹೆಸರಿತ್ತು. ರಾಜನ ಕವಚವೂ ಅವಳ ಮೈಮೇಲೆಯೇ ಇತ್ತು.

“ನೋಡಿ ಸಾ, ನನ್ ಎಸ್ರು ಇಕ್ಕಿ ಮೂಳೆಗಳ ಮುಂದೆ ನಿಲ್ಸವ್ನೆ ಈವಯ್ಯ. ಪಾಪ, ರಾಜ ಬರೀ ಮೈಲಿ ನಡುಗ್ತಾವ್ನೆ!” ಚಿಕ್ಕತಾಯಮ್ಮ ನಕ್ಕರು.

“ನಡುಗ್ಲಿ ಬುಡು. ನೀನು ನೆಟ್ಟಗಿದ್ರೆ ಸಾಕು,” ಎಂದರು ಸಿದ್ದರಾಜು, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

ಆಕೆ ಮಲಗಲು ಒಳಗೆ ಹೋದ ಮೇಲೆ ನಾನು ಕೇಳಿದೆ: “ವೇಷ ಪಾತ್ರಕ್ಕೆ ಅನ್ನುತ್ತಿದ್ದಿರಲ್ಲ?”

ಅವರು ದನಿ ತಗ್ಗಿಸಿದರು. “ಈ ಆಟ್ದಲ್ಲಿ ಕಡೆ ಬಾಗ್ಲು ಒಂದದೆ ಸಾ. ಇವ್ಳು ಅದ ದಾಟುದ್ರೆ ಒಳಗಿರೋಳೂ ಉಳ್ಕತಾಳೆ ಅಂತ ಅಂದ್ಕಂಡಿವ್ನಿ. ನಗ್ಬೇಡಿ.”



ಕವಚವಿಲ್ಲದ ರಾಜ ಬಿದ್ದ. ಮಿಕ್ಕ ಇಬ್ಬರೂ ಬಿದ್ದರು. ಚಿಕ್ಕತಾಯಮ್ಮನೆಂಬ ವೈದ್ಯೆ ಮಾತ್ರ ಕಡೆಯ ಬಾಗಿಲಿನ ಮುಂದಿನ ಬಿಡಾರವನ್ನು ತಲುಪಿದಳು. ಅದೇ ವಾರ ಚಿಕ್ಕತಾಯಮ್ಮನವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಅವರು ಹಿಂದಿರುಗಲಿಲ್ಲ.

ಸಿದ್ದರಾಜು ತಿ. ನರಸೀಪುರದ ಸಂಗಮದಲ್ಲಿ ಹೆಂಡತಿಯ ಅಸ್ಥಿ ಬಿಟ್ಟು ಬಂದ ಮೇಲೆ ಒಮ್ಮೆ ಅವರನ್ನು ನೋಡಲು ಹೋಗಿದ್ದೆ. ಅದೇ ಕೊನೆಯ ಭೇಟಿ; ಮುಂದಿನ ಬೇಸಗೆಯಲ್ಲಿ ಅವರೂ ತೀರಿಕೊಂಡರು. ಲ್ಯಾಪ್‌ಟಾಪು ತೆರೆದೇ ಇತ್ತು. ವೈದ್ಯೆ ಬಿಡಾರದ ಬೆಂಕಿಯ ಬಳಿ ಒಬ್ಬಳೇ ಕುಳಿತಿದ್ದಳು.

“ಬಾಗಿಲು ದಾಟಿಸುವುದಿಲ್ಲವೇ?” ಎಂದೆ.

“ಯಾರ್ಗೋಸ್ಕರ ಸಾ?”

ಆಗ ಗಮನಿಸಿದೆ: ಅವಳ ಮೈಮೇಲೆ ಕವಚವಿರಲಿಲ್ಲ, ಹತ್ತಿಬಟ್ಟೆಯಿತ್ತು. ನನ್ನ ನೋಟ ನಿಂತದ್ದನ್ನು ಕಂಡು ಅವರೇ ಹೇಳಿದರು:

“ಬಲು ಬಾರ ಅದು. ನನ್ನಾಸೆಗೆ ಒತ್ಕಂಡಿದ್ಲು. ಬಿಚ್ಚುಸ್ದೆ.”